ಚನ್ನಯ್ಯನ ಅಕ್ಷರಗಳಿದ್ದ ಪೆಟ್ಟಿಗೆ

ಶಿರಸಿಯಲ್ಲಿ ಮದುವೆ ಕಾಗದ ಮಾಡಿಸಬೇಕೆಂದರೆ ದಾಕ್ಷಾಯಿಣಿಯ ಮನೆಯ ಜಗಲಿ ಹತ್ತಬೇಕು ಎಂಬ ಕಾಲವೊಂದಿತ್ತು. ಇಸವಿ ಎರಡು ಸಾವಿರದ ಆಚೀಚೆಯ ಮಾತು. ಜಗಲಿಯ ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಕಂಪ್ಯೂಟರಿನ ಎದುರು ಅವಳು. "ಸುಖಾಗಮನ ಬಯಸುವವರು" ಎಂಬ ಸಾಲಿನ ಕೆಳಗೆ ಯಾವ ಕಾಕನ ಹೆಸರು ಮೊದಲು, ಯಾವ ಮಾವನ ಹೆಸರು ಆಮೇಲೆ ಎಂದು ಮನೆಮಂದಿ ಅವಳ ಬೆನ್ನ ಹಿಂದೆ ನಿಂತು ಏರುದನಿಯಲ್ಲಿ ವಾದಿಸತೊಡಗಿದರೆ ಅವಳು ಕುರ್ಚಿ ಸರಿಸಿ ಎದ್ದುಬಿಡುತ್ತಿದ್ದಳು. "ನೀವು ಜಗಳ ಮುಗಸ್ರಿ, ಅಲ್ಲೀತನಕ ನಾ ಚಾ ಮಾಡ್ಕೊಂಡ ಬರ್ತೇನಿ" ಎಂದು ಒಳಗೆ ಹೋಗುತ್ತಿದ್ದಳು. ಚಹಾ ಬರುವಷ್ಟರಲ್ಲಿ ಹೆಸರುಗಳು ಹೇಗೋ ಸಾಲಾಗಿ ನಿಂತಿರುತ್ತಿದ್ದವು. ಅವಳಿಗೆ ಸಿಟ್ಟು ಬೇಗ ಬರುತ್ತಿತ್ತು, ನಗು ಅದಕ್ಕಿಂತ ಬೇಗ ಬರುತ್ತಿತ್ತು. ಹಾಗಾಗಿ ಗಿರಾಕಿಗಳು ಯಾರೂ ಬಿಟ್ಟು ಹೋಗಲಿಲ್ಲ.

ಅವಳ ತವರು ಬನವಾಸಿ. ಅಪ್ಪ ಚನ್ನಯ್ಯ ಬೋರ್ಡು ಬರೆಯುವವನು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಬನವಾಸಿಯಿಂದ ಹಿಡಿದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳವರೆಗೆ ಅಂಗಡಿಗಳ ಹಣೆಬರಹ ಅವನದೇ ಎಂದು ಜನ ಚೇಷ್ಟೆ ಮಾಡುತ್ತಿದ್ದರು. ತಗಡಿಗೆ ಬಿಳಿ ಬಳಿದು ಒಣಗಿಸಿ, ಸೀಮೆಸುಣ್ಣ ಹಚ್ಚಿದ ದಾರವನ್ನು ಎರಡೂ ತುದಿಯಲ್ಲಿ ಎಳೆದು ಹಿಡಿದು ಟಪ್ಪೆಂದು ಮೀಟಿ ಗೆರೆ ಮೂಡಿಸುವುದು ಅವನ ಮೊದಲ ಕೆಲಸ. ದಾರದ ಇನ್ನೊಂದು ತುದಿ ಹಿಡಿಯುತ್ತಿದ್ದವಳು ದಾಕ್ಷಾಯಿಣಿ. ಆಮೇಲೆ ಸೀಮೆಸುಣ್ಣದಲ್ಲಿ ಅಕ್ಷರ, ಅದರ ಮೇಲೆ ಚಪ್ಪಟೆ ಕುಂಚದಲ್ಲಿ ಬಣ್ಣ. ಅವನ 'ರ' ನಿಂಬೆಹಣ್ಣಿನಷ್ಟು ದುಂಡಗೆ. ಅವನ ತಲಕಟ್ಟು ಬಲಗಡೆಗೆ ಒಂದು ಕೂದಲೆಳೆ ಮೇಲೆದ್ದಿರುತ್ತಿತ್ತು. ಎಲ್ಲಕ್ಕಿಂತ ಚೆಂದ ಅವನ ಒತ್ತಕ್ಷರಗಳು. ಬೇರೆಯವರು ಜಾಗ ಸಾಲದೆ ಒತ್ತನ್ನು ಕೆಳಗೆ ತುರುಕುತ್ತಿದ್ದರು. ಚನ್ನಯ್ಯನ ಒತ್ತು ಮೇಲಿನ ಅಕ್ಷರದ ನೆರಳಲ್ಲಿ ಕಾಲು ಚಾಚಿ ಕೂತಿರುತ್ತಿತ್ತು.

ಮದುವೆಯಾಗಿ ಶಿರಸಿಗೆ ಬಂದ ಮೇಲೆ ದಾಕ್ಷಾಯಿಣಿ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಕಲಿತಳು. ಗಂಡ ರವೀಂದ್ರ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಹೆಂಡತಿಯೂ ಯಂತ್ರದ ಕೆಲಸವನ್ನೇ ಹಿಡಿದಳೆಂದು ಅವನಿಗೆ ಹಿಗ್ಗು. ಕೆಲವು ವರ್ಷ ಅಲ್ಲಿ ದುಡಿದು ಅವಳು ಮನೆಯಲ್ಲೇ ಸ್ವಂತ ಕೆಲಸ ಶುರು ಮಾಡಿದಳು. ಅಷ್ಟರಲ್ಲಿ ಫ್ಲೆಕ್ಸ್ ಬಂತು. ಅಂಗಡಿಯವರು ತಗಡಿನ ಬೋರ್ಡು ಇಳಿಸಿ, ನಗುವ ನಟಿಯ ಚಿತ್ರವಿರುವ ಫ್ಲೆಕ್ಸ್ ಏರಿಸಿದರು. ಅದರ ಮೇಲಿನ ಅಕ್ಷರ ಎಲ್ಲ ಅಂಗಡಿಗೂ ಒಂದೇ, ಚಪ್ಪಲಿ ಅಂಗಡಿಗೂ ಅದೇ, ದೇವಸ್ಥಾನಕ್ಕೂ ಅದೇ. ಆ ಅಕ್ಷರಗಳಲ್ಲಿ ಅರ್ಧಕ್ಕರ್ಧ ದಾಕ್ಷಾಯಿಣಿಯೇ ಜೋಡಿಸಿ ಕೊಟ್ಟದ್ದು. ಅಪ್ಪನ ಕೆಲಸ ನಿಂತಿತು, ಮಗಳ ಕೆಲಸ ಏರಿತು. ಚನ್ನಯ್ಯ ಪೇಟೆಗೆ ಬಂದರೆ ತಲೆ ತಗ್ಗಿಸಿ ರಸ್ತೆ ನೋಡುತ್ತ ನಡೆಯತೊಡಗಿದ. ಅದು ಮಗಳ ಕಣ್ಣಿಗೆ ಬಿತ್ತು.

ಆಗ ಅವಳಿಗೆ ಹೊಳೆದದ್ದು ಇದು. ಅಪ್ಪನ ಅಕ್ಷರಗಳನ್ನೇ ಕಂಪ್ಯೂಟರಿಗೆ ಇಳಿಸಿದರೆ ಹೇಗೆ? ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಅವಳ ಹಳೆಯ ಕಂಪ್ಯೂಟರಿನ ವಿಂಡೋಸ್ ತೊಂಬತ್ತೆಂಟರಲ್ಲಿ ಅಕ್ಷರ ರೂಪಿಸುವ ಪ್ರೋಗ್ರಾಮೊಂದನ್ನು ಹಾಕಿಕೊಟ್ಟಿದ್ದ. ಪರದೆಯ ಮೇಲೆ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಬಾಗಿಸಿ ಒಂದೊಂದೇ ಅಕ್ಷರ ಕಟ್ಟುವ ಕೆಲಸ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಅಪ್ಪನ ಹಳೆಯ ಕರಡುಗಳನ್ನು ನೋಡಿ ಸ್ವರ, ವ್ಯಂಜನಗಳನ್ನು ಕಟ್ಟಿದಳು. ಒತ್ತಕ್ಷರಗಳು ಬಾಕಿ ಉಳಿದವು. ಕರಡುಗಳು ಅಲ್ಲಿಗೇ ಮುಗಿದಿದ್ದವು. ಒತ್ತುಗಳನ್ನು ಅಪ್ಪನೇ ಹೊಸದಾಗಿ ಬರೆದುಕೊಡಬೇಕಿತ್ತು. ಅವನಿಗೆ ಎಪ್ಪತ್ತು ಸಮೀಪಿಸಿತ್ತು. ಊಟದ ಹೊತ್ತಿಗೆ ನೀರಿನ ಲೋಟ ಹಿಡಿದರೆ ಕೈ ಸಣ್ಣಗೆ ಅಲುಗಾಡುವುದನ್ನು ಅವಳು ನೋಡಿದ್ದಳು. ಆ ಕೈ ಇನ್ನೂ ಗೆರೆ ಎಳೆಯುತ್ತಿರುವಾಗಲೇ, ಆ ಕಣ್ಣು ಇನ್ನೂ ತಪ್ಪು ಹಿಡಿಯುತ್ತಿರುವಾಗಲೇ ಈ ಕೆಲಸ ಮುಗಿಯಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು.

ಇದೇ ಹೊತ್ತಿಗೆ ಊರಿಗೆ ಪೆನ್‌ಡ್ರೈವ್ ಬಂತು, ಅದರ ಹಿಂದೆಯೇ ವೈರಸ್ಸೂ ಬಂತು. ಮದುವೆಯ ಫೋಟೋ ತರುವವನು ವೈರಸ್ಸನ್ನೂ ತಂದು ಬಿಟ್ಟುಹೋಗುತ್ತಿದ್ದ. ಒಂದು ಸಲವಂತೂ ಕಾಗದಗಳೆಲ್ಲ ಅಳಿಸಿಹೋಗಿ ದಾಕ್ಷಾಯಿಣಿ ಮದುಮಗನ ಮನೆಗೇ ಹೋಗಿ ಹೆಸರು ಕೇಳಿಕೊಂಡು ಬರಬೇಕಾಯಿತು. ಅವಳ ಜೊತೆ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದ ಸಂದೇಶ ಈಗ ಸಿದ್ದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ತೋಟದ ಮನೆಯವನು, ಪೇಟೆಯಲ್ಲಿದ್ದರೂ ನಾನು ಎಂಬುದಕ್ಕೆ ಆನು ಎನ್ನುವ ಮನೆಮಾತು ಬಿಟ್ಟವನಲ್ಲ. ಬಂದು ನೋಡಿ ನಕ್ಕ.

"ಎಂತಕ್ಕಾ, ಈ ಪೆನ್‌ಡ್ರೈವಲ್ಲಿ ಫೈಲಿಗಿಂತ ವೈರಸ್ಸೇ ಜಾಸ್ತಿ ಇದ್ದಲೇ! ಆನು ಒಂದು ಪೆಟ್ಟಿಗೆ ಕಟ್ಟಿ ಕೊಡ್ತೆ, ವಿಂಡೋಸ್ ಬದ್ಲು ಲಿನಕ್ಸ್ ಹಾಕ್ತೆ. ನಿಮ್ಮ ಫೈಲೆಲ್ಲಾ ಅದ್ರಲ್ಲಿ ಇಡಿ. ಈ ವೈರಸ್ಸು ಅದ್ರ ಹತ್ರ ಸುಳೀತಿಲ್ಲೆ."

ಹೇಳಿದಂತೆ ಒಂದು ಕಪ್ಪು ಕ್ಯಾಬಿನೆಟ್ಟಿನಲ್ಲಿ ಎರಡು ಹಾರ್ಡ್ ಡಿಸ್ಕ್ ಕೂರಿಸಿ ತಂದ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಪಡಸಾಲೆಯ ಗೋಡೆಗೂಡಿನಲ್ಲಿ ಟಿವಿಯ ಪಕ್ಕ ಕೂತು, ಒಂದು ತಂತಿಯಲ್ಲಿ ಜಗಲಿಯ ಕಂಪ್ಯೂಟರಿಗೆ ಜೋಡಿಕೊಂಡು, ಕೊಟ್ಟದ್ದನ್ನೆಲ್ಲ ನುಂಗಿ ಇಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಮನೆಯವರೆಲ್ಲ ಅದನ್ನು ಪೆಟ್ಟಿಗೆ ಎಂದೇ ಕರೆದರು. ದಾಕ್ಷಾಯಿಣಿಯ ಅತ್ತೆ ಗಿರಿಜವ್ವ ಮಾತ್ರ, ಹಗಲೂ ರಾತ್ರಿ ಗುಂಯ್‌ಗುಡುವ ಇದಕ್ಕೆ ನಿದ್ದೆಯೆಂಬುದೇ ಇಲ್ಲವೇ ಎಂದು ಕನಿಕರಪಟ್ಟಳು.

ಎರಡು ಸಾವಿರದ ಏಳರಲ್ಲಿ ಹಳೆಯ ಕಂಪ್ಯೂಟರು ಕೆಟ್ಟು ಕೂತಿತು. ಹಾರ್ಡ್ ಡಿಸ್ಕ್ ಉಳಿಯಿತು, ಉಳಿದದ್ದೆಲ್ಲ ಹೋಯಿತು. ಹೊಸದು ತಂದರೆ ಅದರಲ್ಲಿ ಹೊಸ ವಿಂಡೋಸ್. ಅಕ್ಷರ ಕಟ್ಟುವ ಹಳೆಯ ಪ್ರೋಗ್ರಾಮು ಅದರ ಮೇಲೆ ಏಳಲೇ ಇಲ್ಲ. ದಾಕ್ಷಾಯಿಣಿ ಹುಬ್ಬಳ್ಳಿಗೆ ಫೋನು ಹಚ್ಚಿದಳು. ಆ ವ್ಯಾಪಾರಿ ಅಂಗಡಿ ಮುಚ್ಚಿ ಬಹಳ ದಿನವಾಗಿತ್ತು. ಅಪ್ಪನ ಅಕ್ಷರಗಳು ಡಿಸ್ಕಿನಲ್ಲಿವೆ, ತೆರೆಯುವ ದಾರಿಯಿಲ್ಲ. ಅವಳು ಎರಡು ದಿನ ಪ್ರೋಗ್ರಾಮನ್ನು ಮತ್ತೆ ಮತ್ತೆ ಎಬ್ಬಿಸಿ ನೋಡಿದಳು. ಮೂರನೆಯ ದಿನ ಸಂದೇಶನನ್ನು ಕರೆಸಿದಳು.

"ಹೊಸ ಕಂಪ್ಯೂಟರಿಗೆ ಹಳೇ ವಿಂಡೋಸ್ ಹಾಕಲೆ ಆಗ್ತಿಲ್ಲೆ ಅಕ್ಕಾ" ಎಂದ ಅವನು, ಗೋಡೆಗೂಡಿನ ಕಡೆ ತಿರುಗಿದ. "ಆದ್ರೆ ಈ ಪೆಟ್ಟಿಗೆ ಒಳಗೇ ಇನ್ನೊಂದು ಕಂಪ್ಯೂಟರ್ ಕೂರಿಸಲೆ ಬತ್ತು. ವರ್ಚುವಲ್ ಮಷೀನ್ ಹೇಳ್ತ ಅದಕ್ಕೆ."

ಅಕ್ಕಿ ಆರಿಸುತ್ತ ಕೂತಿದ್ದ ಗಿರಿಜವ್ವ ಮೊರ ಕೆಳಗಿಟ್ಟಳು. "ಪೆಟ್ಟಿಗಿ ಒಳಗ ಮತ್ತೊಂದ ಪೆಟ್ಟಿಗಿನಾ? ಅಷ್ಟ ಜಾಗಾ ಎಲ್ಲೈತೋ ತಮ್ಮಾ?"

"ಒಳಗಿಂದು ಖರೇ ಕಂಪ್ಯೂಟರ್ ಅಲ್ದೇ ಅಮ್ಮಾ. ಆನು ಕಂಪ್ಯೂಟರ್ ಹೇಳಿ ಅದು ತಿಳ್ಕಂಡಿದ್ದು, ಅಷ್ಟೇಯಾ."

"ಹಂಗ ತಿಳಕೊಂಡವ್ರು ನಮ್ಮ ಓಣ್ಯಾಗೂ ಭಾಳ ಮಂದಿ ಅದಾರ ಬಿಡು" ಎಂದು ಗಿರಿಜವ್ವ ಮತ್ತೆ ಮೊರ ಎತ್ತಿಕೊಂಡಳು.

ಸಂದೇಶ ಆ ಇಡೀ ದಿನ ಕೂತ. ಲಿನಕ್ಸಿನ ಮೇಲೆ ವರ್ಚುವಲ್ ಮಷೀನಿನ ಸಾಫ್ಟ್‌ವೇರ್ ಹಾಕಿದ. ಪೆಟ್ಟಿಗೆಯ ನೆನಪಿನ ಒಂದು ಪಾಲನ್ನೂ ಡಿಸ್ಕಿನ ಒಂದು ಮೂಲೆಯನ್ನೂ ಒಳಗಿನ ಯಂತ್ರಕ್ಕೆಂದು ಬಿಟ್ಟುಕೊಟ್ಟ. ಅದರೊಳಗೆ ಹಳೆಯ ಸೀಡಿಯಿಂದ ವಿಂಡೋಸ್ ತೊಂಬತ್ತೆಂಟನ್ನು ಇಳಿಸಿ, ಅದರ ಮೇಲೆ ಅಕ್ಷರದ ಪ್ರೋಗ್ರಾಮನ್ನು ಹೂಡಿ, ಕೆಟ್ಟ ಕಂಪ್ಯೂಟರಿನ ಡಿಸ್ಕಿನಿಂದ ಫೈಲುಗಳನ್ನು ಸಾಗಿಸಿದ. ಕೊನೆಗೆ ಜಗಲಿಯ ಹೊಸ ಕಂಪ್ಯೂಟರಿನ ಪರದೆಯ ಮೇಲೆ ಒಂದು ಚೌಕ ತೆರೆಯಿತು. ಅದರಲ್ಲಿ ಹಳೆಯ ವಿಂಡೋಸಿನ ಅದೇ ಮೋಡ, ಅದೇ ಸಂಗೀತ. ಅದರೊಳಗೆ ಅಪ್ಪನ ದುಂಡು 'ರ'. ದಾಕ್ಷಾಯಿಣಿಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಡಲು ಸಂದೇಶನಿಗೆ ಮಂಡಕ್ಕಿ ಕಲಸಿ ಕೊಡುವ ನೆವ ಮಾಡಿ ಒಳಗೆದ್ದು ಹೋದಳು. ಸಂದೇಶ ಹೊರಡುವ ಮುನ್ನ ಒಳಗಿನ ಯಂತ್ರದ ಒಂದು ಪ್ರತಿಯನ್ನು ಎರಡನೆಯ ಡಿಸ್ಕಿನಲ್ಲಿ ತೆಗೆದಿಟ್ಟ. ಆಗಾಗ ಹೀಗೆ ಪ್ರತಿ ತೆಗೆಯುತ್ತಿರಿ ಎಂದು ಹೇಳಿ, ಹೇಗೆಂದು ತೋರಿಸಿಯೂ ಹೋದ. ಅವಳು ಹೂಂ ಅಂದಳು.

ಆ ಒಳಗಿನ ಯಂತ್ರದ ಒಂದು ಗುಣ ಅವಳಿಗೆ ಬಹಳ ಹಿಡಿಸಿತು. ಜಗಲಿಯ ಕಂಪ್ಯೂಟರು ಆರಿಸಿದರೂ ಅದು ಪೆಟ್ಟಿಗೆಯಲ್ಲಿ ತನ್ನ ಪಾಡಿಗೆ ನಡೆದೇ ಇರುತ್ತಿತ್ತು. ಅರ್ಧ ಬಾಗಿಸಿದ ಗೆರೆಯನ್ನು ಹಾಗೇ ಬಿಟ್ಟು ಅಡುಗೆಗೆ ಹೋಗಬಹುದು, ಸಂತೆಗೆ ಹೋಗಬಹುದು, ಮರುದಿನ ಬಂದು ಚೌಕ ತೆರೆದರೆ ಗೆರೆ ಬಿಟ್ಟಲ್ಲೇ ಕಾದಿರುತ್ತಿತ್ತು. ಇಷ್ಟು ನಂಬಿಗಸ್ತ ಯಂತ್ರ ಸಿಕ್ಕ ಮೇಲೆ ಪ್ರತಿ ತೆಗೆಯುವ ಗೊಡವೆ ಯಾರಿಗೆ ಬೇಕು? ಅವಳು ಅದನ್ನು ಮರೆತೇಬಿಟ್ಟಳು.

ಆ ಚಳಿಗಾಲದಲ್ಲಿ ಚನ್ನಯ್ಯ ಬನವಾಸಿಯಿಂದ ಬಂದು ಮಗಳ ಮನೆಯಲ್ಲಿ ಉಳಿದ. ಕಾಗದದ ಮೇಲೆ ಪೆನ್ನಿನಿಂದ ಬರೆ ಎಂದರೆ ಅವನಿಗೆ ಒಗ್ಗಲಿಲ್ಲ. "ಮೊದಲ ಖಡು ಹಿಡದ ಬರೀಬೇಕು. ಪೆನ್ನಿನ್ಯಾಗ ತಪ್ಪಿದ್ರ ಅಳಸಾಕ ಬರಂಗಿಲ್ಲ" ಎಂದ. ಖಡುವೆಂದರೆ ಸೀಮೆಸುಣ್ಣ. ಸರಿ, ದಾಕ್ಷಾಯಿಣಿ ಶಾಲೆಮಕ್ಕಳ ಪಾಟಿಯೊಂದನ್ನು ತಂದುಕೊಟ್ಟಳು. ಅವನು ಪಾಟಿಯ ಮೇಲೆ ಒಂದು ಒತ್ತು ಬರೆಯುವುದು, ಬೆರಳಿನಿಂದ ಅಂಚು ತಿದ್ದುವುದು, ಅವಳು ಪಾಟಿಯನ್ನು ಮಗುಚಿ ಸ್ಕ್ಯಾನರಿನ ಗಾಜಿನ ಮೇಲಿಡುವುದು, ಚಿತ್ರ ಬಂದ ಕೂಡಲೇ ಅವನು ಪಾಟಿ ಒರೆಸಿ ಮುಂದಿನದನ್ನು ಬರೆಯುವುದು. ಗಾಜಿನ ಮೇಲೆ ಸೀಮೆಸುಣ್ಣದ ಪುಡಿ ಬಿದ್ದು ಸ್ಕ್ಯಾನರು ಕೀರಲು ದನಿ ತೆಗೆಯುತ್ತಿತ್ತು. ಚಿತ್ರಗಳನ್ನು ಅವಳು ಒಳಗಿನ ಯಂತ್ರಕ್ಕೆ ಸಾಗಿಸಿ, ಮೇಜು ಒರೆಸಿದಷ್ಟೇ ಚೊಕ್ಕಟವಾಗಿ ಹೊರಗಿನವನ್ನು ಅಳಿಸಿಬಿಡುತ್ತಿದ್ದಳು. ಅಪ್ಪ ಮಗಳು ಇಬ್ಬರಿಗೂ ಕೆಲಸ ಮುಗಿದ ಮೇಲೆ ಕಸ ಉಳಿಸುವ ಅಭ್ಯಾಸವಿರಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಒತ್ತಕ್ಷರಗಳೆಲ್ಲ ಬರೆದಾಗಿತ್ತು. ಚನ್ನಯ್ಯ ಬನವಾಸಿಗೆ ಮರಳಿದ. ಅವಳು ಕೂತು ಅವಕ್ಕೆಲ್ಲ ಚುಕ್ಕಿ ಗೆರೆ ಹಾಕತೊಡಗಿದಳು.

ಈಗ ಗಿರಿಜವ್ವನ ಗುಡುಗಿನ ವಿಷಯ ಹೇಳಬೇಕು. ಈ ಸೀಮೆಯಲ್ಲಿ ಗುಡುಗು ಕೇಳಿದರೆ ಜನ ಮೊದಲು ಒಣಹಾಕಿದ ಬಟ್ಟೆ ಎತ್ತುವುದಿಲ್ಲ, ಪಿನ್ನು ಕೀಳುತ್ತಾರೆ. ಟಿವಿಯ ಪಿನ್ನು, ಮಿಕ್ಸರಿನ ಪಿನ್ನು, ಫೋನಿನ ತಂತಿ, ಎಲ್ಲವೂ ಗೋಡೆಯಿಂದ ಹೊರಗೆ. ಸಿಡಿಲು ತಂತಿ ಹಿಡಿದು ಒಳಗೆ ಬರುತ್ತದೆ ಎಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಗಿರಿಜವ್ವ ಈ ಕೆಲಸದಲ್ಲಿ ಇಡೀ ಓಣಿಗೇ ಮುಂದು. ದೂರದಲ್ಲಿ ಎಲ್ಲೋ ಗುಡುಗು ಹೊರಳಿದರೂ ಸಾಕು, ಕೈಯಲ್ಲಿನ ಲಟ್ಟಣಿಗೆ ಬಿಟ್ಟು ಓಡುತ್ತಿದ್ದಳು. ಪೆಟ್ಟಿಗೆಯ ತಂಟೆಗೆ ಮಾತ್ರ ಅಲ್ಲಿಯವರೆಗೆ ಹೋಗಿರಲಿಲ್ಲ, ಯಾಕೆಂದರೆ ಗುಡುಗು ಬಂದಾಗಲೆಲ್ಲ ದಾಕ್ಷಾಯಿಣಿ ಮನೆಯಲ್ಲೇ ಇದ್ದು ತಾನೇ ನೋಡಿಕೊಳ್ಳುತ್ತಿದ್ದಳು.

ಎರಡು ಸಾವಿರದ ಎಂಟರ ಬೇಸಿಗೆಯ ಒಂದು ಮಧ್ಯಾಹ್ನ ದಾಕ್ಷಾಯಿಣಿ ಗಿರಾಕಿಗೆ ಮದುವೆ ಕಾಗದದ ಕರಡು ತೋರಿಸಲು ಪೇಟೆಗೆ ಹೋಗಿದ್ದಳು. ಒಮ್ಮೆಲೇ ಮೋಡ ಕವಿಯಿತು, ಗುಡುಗಿತು, ಕರೆಂಟು ಹೋಯಿತು. ಪೆಟ್ಟಿಗೆಯ ಕೆಳಗಿದ್ದ ಯುಪಿಎಸ್ ಪಿಂಯ್ ಪಿಂಯ್ ಎಂದು ಕೂಗತೊಡಗಿತು. ಗಿರಿಜವ್ವನಿಗೆ ಅದು ಪೆಟ್ಟಿಗೆಯೇ ಹೆದರಿ ಅಳುತ್ತಿರುವ ಹಾಗೆ ಕೇಳಿಸಿತು. ಗೋಡೆಯ ಪಿನ್ನು ಕಿತ್ತಳು, ಅಳು ನಿಲ್ಲಲಿಲ್ಲ. ಪೆಟ್ಟಿಗೆಯ ಬೆನ್ನಿನ ತಂತಿಯನ್ನೇ ಹಿಡಿದು ಎಳೆದಳು. ಪೆಟ್ಟಿಗೆ ತಣ್ಣಗಾಯಿತು. ಯುಪಿಎಸ್ಸನ್ನೂ ಆರಿಸಿ, ಎಲ್ಲಕ್ಕೂ ಒಂದು ಗೋಣಿತಾಟು ಹೊದಿಸಿ, ಸೊಸೆ ಬಂದ ಕೂಡಲೇ ಹೇಳಿದಳು, "ನೀ ಇರಲಿಲ್ಲ, ಆದ್ರೂ ನಿನ್ನ ಪೆಟ್ಟಿಗಿ ಉಳಿಸೀನಿ."

ಸಂಜೆ ಮಳೆ ನಿಂತು ಕರೆಂಟು ಬಂದಾಗ ದಾಕ್ಷಾಯಿಣಿ ಪೆಟ್ಟಿಗೆ ಚಾಲೂ ಮಾಡಿದಳು. ಗಿರಾಕಿಗಳ ಫೈಲುಗಳು ಕಂಡವು. ಒಳಗಿನ ಯಂತ್ರ ಏಳಲಿಲ್ಲ. ಮತ್ತೆ ಮತ್ತೆ ಎಬ್ಬಿಸಿದಳು. ಕಪ್ಪು ಚೌಕದಲ್ಲಿ ಒಂದು ಗೆರೆ ಮಿಣುಕುವುದರ ಹೊರತು ಬೇರೇನೂ ಇಲ್ಲ.

"ಅತ್ತೀ, ಯಾಕ ಕಿತ್ತ್ರಿ ಅದನ್ನ? ಕೇಳಬಾರದಿತ್ತೇನು? ಅದರಾಗ ನಮ್ಮಪ್ಪನ ಒತ್ತು ಇದ್ದುವು! ಆ ಕೈ ಮತ್ತ ಎಲ್ಲಿಂದ ತರ್ಲಿ ನಾನು?"

"ಸಿಡಲ ಬಡದು ಸುಟ್ಟ ಹೋಗಿದ್ರ ಚಲೋ ಇತ್ತೇನ?" ಎಂದಳು ಗಿರಿಜವ್ವ. ಆದರೆ ಸೊಸೆಯ ಮುಖ ನೋಡಿ ಅಡುಗೆಮನೆಗೆ ಎದ್ದುಹೋದಳು. ಆ ದಿನ ಮನೆಯಲ್ಲಿ ಊಟ ಯಾರಿಗೂ ರುಚಿಸಲಿಲ್ಲ.

ಸಂದೇಶ ಬಂದು ಡಿಸ್ಕು ತಡಕಾಡಿದ. ಲಿನಕ್ಸಿಗೆ ಏನೂ ಆಗಿರಲಿಲ್ಲ. ಆದರೆ ಒಳಗಿನ ಯಂತ್ರದ ಇಡೀ ಡಿಸ್ಕು ಹೊರಗಿನವರಿಗೆ ಒಂದೇ ಒಂದು ದೊಡ್ಡ ಫೈಲು. ಅದು ಬರೆಯುತ್ತಿರುವಾಗಲೇ ಕರೆಂಟು ಕಿತ್ತದ್ದರಿಂದ ಫೈಲಿನ ನಡುವೇ ಮುರಿದಿತ್ತು. "ಎಂತದೂ ಸಿಕ್ತಿಲ್ಲೆ ಅಕ್ಕಾ" ಎಂದ. ಅವನು ಮೊದಲ ದಿನ ತೆಗೆದಿಟ್ಟಿದ್ದ ಪ್ರತಿ ಇತ್ತು. ಅದನ್ನು ಎಬ್ಬಿಸಿದರೆ ಸ್ವರ, ವ್ಯಂಜನಗಳು ಬಂದವು. ಚಳಿಗಾಲದ ಒತ್ತುಗಳು ಒಂದೂ ಇಲ್ಲ. ಅವಳಿಗೆ ಅತ್ತೆಯ ಮೇಲಿದ್ದ ಸಿಟ್ಟು ಅರ್ಧ ಇಳಿದು ತನ್ನ ಮೇಲೆಯೇ ತಿರುಗಿತು. ಆದರೂ ಅತ್ತೆಯ ಹತ್ತಿರ ಹೋಗಿ ಮಾತಾಡಲು ಬಾಯಿ ಬರಲಿಲ್ಲ.

ಗಿರಿಜವ್ವನೂ ಕಡಿಮೆಯವಳಲ್ಲ. ಮುಂದಿನ ಗುಡುಗಿಗೆ ಏಳಲೇ ಇಲ್ಲ. ಕೈಕಟ್ಟಿ ಪಡಸಾಲೆಯ ಕಂಬಕ್ಕೊರಗಿ ಕೂತಳು. "ನಾ ಯಾವ ಪಿನ್ನೂ ಮುಟ್ಟಂಗಿಲ್ಲ" ಎಂದಳು. ಹಿಂದೆಯೇ ಫಟಾರೆಂದು ಸಿಡಿಲು ಬಿತ್ತು. ಫೋನಿನ ಒಳಗಿಂದ ಹೊಗೆ ಬಂತು. ಅತ್ತೆ ಸೊಸೆ ಇಬ್ಬರೂ ಆ ಹೊಗೆಯನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ದಾಕ್ಷಾಯಿಣಿ. "ತಪ್ಪಾತ್ರಿ ಅತ್ತಿ" ಎಂದು ಅವಳ ಪಕ್ಕ ಕೂತಳು. "ಫೋನ್ ಹೋದ್ರ ಹೋಗ್ಲಿ. ನೀವು ಮಾತಾಡ್ರಿ ಸಾಕು." ಗಿರಿಜವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಸುಟ್ಟ ಫೋನನ್ನು ಹೊರಗೆ ಹಾಕು, ವಾಸನೆ ಹೊಡೆಯುತ್ತದೆ ಎಂದಳು.

ದಾಕ್ಷಾಯಿಣಿ ಬನವಾಸಿಗೆ ಹೋಗಿ ಅಪ್ಪನ ಎದುರು ಪಾಟಿ ಇಟ್ಟು ನಡೆದದ್ದನ್ನು ಹೇಳಿದಳು. ಚನ್ನಯ್ಯ ಬಯ್ಯಲಿಲ್ಲ. ಸೀಮೆಸುಣ್ಣ ಹಿಡಿದು 'ಕ' ಒತ್ತು ಬರೆಯಲು ನೋಡಿದ. ಗೆರೆ ಅಲೆಯಲೆಯಾಗಿ ಬಂತು. ಅಂಗೈಯಿಂದ ಒರೆಸಿದ. ಮತ್ತೆ ಬರೆದ, ಮತ್ತೆ ಒರೆಸಿದ. ಚಳಿಗಾಲದಿಂದ ಬೇಸಿಗೆಗೆ ಕೈ ಅಷ್ಟು ಇಳಿದಿತ್ತು.

"ಈ ಕೈ ಈಗ ನನ್ನ ಮಾತ ಕೇಳಂಗಿಲ್ಲ ತಂಗಿ" ಎಂದು ಪಾಟಿ ಕೆಳಗಿಟ್ಟ. ಆಮೇಲೆ ತನ್ನಷ್ಟಕ್ಕೇ ಅಂದುಕೊಳ್ಳುವವನಂತೆ ಹೇಳಿದ, "ಸಿದ್ದಾಪುರದ ಅಕ್ಕಿ ಗಿರಣಿ ಬೋರ್ಡಿನ್ಯಾಗ ಕಾ ಒತ್ತು ಎಷ್ಟ ಚಂದ ಬಂದಿತ್ತು. ಅದರಂಗ ಇನ್ನ ಬರಂಗಿಲ್ಲ."

"ಆ ಬೋರ್ಡ ಇನ್ನೂ ಐತೇನಪ್ಪಾ?"

"ಯಾರಿಗ್ಗೊತ್ತು? ನಾ ತಲಿ ಎತ್ತಿ ನೋಡಿ ಭಾಳ ದಿನಾತು."

ದಾಕ್ಷಾಯಿಣಿ ಅಲ್ಲಿಂದಲೇ ಎದ್ದಳು. "ನಡೀ ಹಂಗಾದ್ರ, ನೋಡೂಣು."

ಅವಳು ಬನವಾಸಿಯಿಂದ ಹಚ್ಚಿದ ಫೋನು ಕೇಳಿ ಸಿದ್ದಾಪುರದಲ್ಲಿ ಸಂದೇಶ ತನ್ನ ಅಂಗಡಿ ಮುಚ್ಚಿ, ಡಿಜಿಟಲ್ ಕ್ಯಾಮೆರಾ ಹಿಡಿದು ಬಸ್ ನಿಲ್ದಾಣಕ್ಕೇ ಬಂದ. ಗಿರಣಿ ನಿಂತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಬೋರ್ಡು ಬದಲಿಸುವ ಉಸಾಬರಿಗೆ ಯಾರೂ ಹೋಗಿರಲಿಲ್ಲ. ಬಿಳಿ ಹಳದಿಯಾಗಿತ್ತು, ಮೂಲೆಗೆ ತುಕ್ಕು ಹಿಡಿದಿತ್ತು, 'ಅಕ್ಕಿ'ಯ ಕೆಳಗಿನ ಒತ್ತು ಮಾತ್ರ ನಿನ್ನೆ ಬರೆದಷ್ಟು ಸೊಕ್ಕಿನಿಂದ ಕೂತಿತ್ತು. ಚನ್ನಯ್ಯ ಕೊರಳು ಹಿಂದಕ್ಕೆ ವಾಲಿಸಿ ನೋಡಿದ. ನೋಡುತ್ತ ನೋಡುತ್ತ ಅವನ ಬೆನ್ನು ನೆಟ್ಟಗಾಯಿತು. "ಹ್ಞಾಂ, ಇದು ಒತ್ತು!" ಎಂದ. ಪಕ್ಕದಲ್ಲಿ 'ಸಿದ್ದಾಪುರ' ಎಂದೂ ಇತ್ತು. 'ದ' ಒತ್ತೂ ಸಿಕ್ಕಿತು. ಸಂದೇಶ ಗೋಡೆ ಏರಿ ನಿಂತು ಫೋಟೋ ತೆಗೆದ.

ಆ ಬೇಸಿಗೆ ಪೂರ್ತಿ ರಜೆಯ ದಿನಗಳಲ್ಲಿ ಅಪ್ಪ ಮಗಳು ಬಸ್ಸು ಹತ್ತಿದರು. ವಜ್ರಳ್ಳಿಯ ಸೈಕಲ್ ಅಂಗಡಿಯ ಹಲಗೆಯಲ್ಲಿ ಊರ ಹೆಸರಿನಲ್ಲೇ 'ರ' ಒತ್ತೂ 'ಳ' ಒತ್ತೂ ಇದ್ದವು. ಶಿರಸಿಯ ಕಬ್ಬಿನ ಹಾಲಿನ ಗಾಡಿಯಲ್ಲಿ 'ಬ' ಒತ್ತು, ಚಪ್ಪಲಿ ಹೊಲಿಯುವವನ ಗೂಡಿನಲ್ಲಿ 'ಪ' ಒತ್ತು. ಯಲ್ಲಾಪುರದ ಬಟ್ಟೆ ಅಂಗಡಿಯ ಬೋರ್ಡು ಇಳಿದುಹೋಗಿತ್ತು. ಮಾಲೀಕನನ್ನು ಕೇಳಿದರೆ ಅವನು ನಾಚಿಕೊಂಡು ಹಿತ್ತಲಿಗೆ ಕರೆದೊಯ್ದ. ಬೋರ್ಡು ಕೋಳಿಗೂಡಿನ ಮಾಡಾಗಿತ್ತು, ಅದೂ ಅಕ್ಷರ ಒಳಮುಖವಾಗಿ. ದಾಕ್ಷಾಯಿಣಿ ಕೋಳಿಗೂಡಿನೊಳಗೆ ತಲೆ ತೂರಿಸಿ, ಅಂಗಾತ ವಾಲಿಕೊಂಡು 'ಟ' ಒತ್ತಿನ ಫೋಟೋ ತೆಗೆದಳು. ಹೊರಗೆ ಬಂದಾಗ ಅವಳ ಕೂದಲ ತುಂಬ ಪುಕ್ಕ. ಚನ್ನಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೋಳಿಗೋಳು ಇಷ್ಟ ದಿನ ನನ್ನ ಅಕ್ಷರಾ ಓದಿ ಶಾಣ್ಯಾ ಆಗಿರತಾವ" ಎಂದ. ಅಪ್ಪ ಹೀಗೆ ನಕ್ಕದ್ದನ್ನು ಅವಳು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಪೇಟೆಯಲ್ಲಿ ಅವನು ಈಗ ಎರಡೂ ಬದಿಯ ಅಂಗಡಿಗಳನ್ನು ನೋಡುತ್ತ, ಎದುರು ಬಂದವರಿಗೆ ಡಿಕ್ಕಿ ಹೊಡೆಯುತ್ತ ನಡೆಯುತ್ತಿದ್ದ. ಕಳೆದುಹೋದ ಒತ್ತುಗಳ ದುಃಖ ಅವಳಿಗೆ ಎಲ್ಲೋ ದಾರಿಯಲ್ಲೇ ಬಿಟ್ಟುಹೋಯಿತು.

ಇತ್ತ ಸಂದೇಶ ಪೆಟ್ಟಿಗೆಗೆ ಒಂದು ಉಪಾಯ ಮಾಡಿದ. ಅದರ ಮುಖದ ಮೇಲಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಲಿನಕ್ಸು ಮೊದಲು ಒಳಗಿನ ಯಂತ್ರವನ್ನು ಇದ್ದ ಸ್ಥಿತಿಯಲ್ಲೇ ಹೆಪ್ಪುಗಟ್ಟಿಸಿ ಡಿಸ್ಕಿಗೆ ಬರೆದಿಟ್ಟು, ಅದರದೊಂದು ಪ್ರತಿಯನ್ನೂ ತೆಗೆದು, ಆಮೇಲೆ ತಾನೂ ಆರುವಂತೆ ಹೊಂದಿಸಿದ. ಗುಂಡಿಯ ಅಧಿಕಾರ ಗಿರಿಜವ್ವನಿಗೆ. ಗುಡುಗು ಕೇಳಿದರೆ ಅವಳು ಮೊದಲು ಗುಂಡಿ ಒತ್ತುತ್ತಿದ್ದಳು, "ಮಲಕ್ಕೋಪಾ" ಎಂದು ಪೆಟ್ಟಿಗೆಯ ತಲೆ ತಟ್ಟುತ್ತಿದ್ದಳು, ದೀಪ ಆರುವವರೆಗೆ ಅಲ್ಲೇ ನಿಂತಿದ್ದು ಆಮೇಲೆ ಪಿನ್ನು ಕೀಳುತ್ತಿದ್ದಳು. ನೆರೆಮನೆಯವರು ಬಂದರೆ, ಒಳಗೆ ಇನ್ನೊಂದು ಕಂಪ್ಯೂಟರಿದೆ, ಅದನ್ನು ಮಲಗಿಸದೆ ಹೊರಗಿನದನ್ನು ಮಲಗಿಸಬಾರದು ಎಂದು ಪಾಠ ಹೇಳುತ್ತಿದ್ದಳು. ಗುಡುಗಿಲ್ಲದ ದಿನಗಳಲ್ಲೂ ಒಂದೆರಡು ಸಲ ಒತ್ತಿ ನೋಡಿದಳೆಂದು ರವೀಂದ್ರನ ದೂರು.

ಮಳೆಗಾಲ ಹಿಡಿಯುವ ಮೊದಲು ಒಂದೇ ಒತ್ತು ಉಳಿಯಿತು, 'ನ' ಒತ್ತು. ಶಿರಸಿಯ ಅನ್ನಪೂರ್ಣಾ ಖಾನಾವಳಿಗೆ ಅವನು ಬರೆದಿದ್ದ ಬೋರ್ಡು ಗುಜರಿಗೆ ಹೋಗಿತ್ತು. ಹೊನ್ನಾವರದ ಬಸ್ಸಿಗೆ ಬರೆದ ಹಲಗೆಗಾಗಿ ರವೀಂದ್ರ ಡಿಪೋದ ಮೂಲೆಮೂಲೆ ಹುಡುಕಿದ, ಸಿಗಲಿಲ್ಲ. ಹೊಲಿಗೆಯ ಚೆನ್ನಪ್ಪನ ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಅಂಗಡಿ. 'ನ' ಒತ್ತಿಲ್ಲದೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಾಗುವುದಿಲ್ಲ. ಅದೊಂದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ.

ಚನ್ನಯ್ಯ ಪಾಟಿ ಕೇಳಿ ತೆಗೆದುಕೊಂಡ. ಜಗಲಿಯ ಬೆಳಕಿನಲ್ಲಿ ಕೂತು, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆದ. ಒರೆಸಿದ, ಬರೆದ. ಕೊನೆಗೆ ಒಂದನ್ನು ಒರೆಸದೆ ಅವಳ ಕೈಗೆ ಕೊಟ್ಟ. "ಇದಕ್ಕಿಂತ ಚಲೋ ಬರಂಗಿಲ್ಲ. ತಗೋ" ಎಂದ. ಆಕಾರ ಅವನದೇ, ಆದರೆ ಗೆರೆಯ ಅಂಚು ಸಣ್ಣಗೆ ನಡುಗಿತ್ತು.

ಅವಳು ಅದನ್ನು ಸ್ಕ್ಯಾನ್ ಮಾಡಿ, ಮೊದಲು ಎರಡು ಕಡೆ ಪ್ರತಿ ಇಟ್ಟು, ಆಮೇಲೆ ಒಳಗಿನ ಯಂತ್ರಕ್ಕೆ ಸಾಗಿಸಿದಳು. ಆ ಪ್ರೋಗ್ರಾಮಿನಲ್ಲಿ ಒಂದು ಆಜ್ಞೆಯಿತ್ತು. ಅದನ್ನು ಕೊಟ್ಟರೆ ಅಂಕುಡೊಂಕು ಗೆರೆ ತಾನಾಗಿ ನಯವಾಗುತ್ತಿತ್ತು. ಅಪ್ಪ ಒಳಗೆ ಚಹಾ ಕುಡಿಯುತ್ತಿದ್ದಾಗ ಅವಳು ಅವನಿಗೆ ಹೇಳದೆ ಆ ಆಜ್ಞೆ ಕೊಟ್ಟಳು. ನಡುಕ ಹೋಯಿತು. ಒತ್ತು ಈಗ ಉಳಿದವುಗಳ ಹಾಗೇ ಸಾಫಾಗಿ ಕೂತಿತು. ಅಪ್ಪನಿಗೆ ಖುಷಿಯಾದೀತೆಂದು ಅವಳು ಅವನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದಳು. ಅವನ ಅಕ್ಷರಗಳೆಲ್ಲ ಪರದೆಯ ಚೌಕದೊಳಗೆ ಸಾಲಾಗಿ ನಿಂತಿದ್ದವು. ಚನ್ನಯ್ಯ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ನೋಡಿಕೊಂಡು ಬಂದ. ಕೊನೆಯದರ ಹತ್ತಿರ ನಿಂತ.

"ಇದು ಯಾರ ಬರದದ್ದು?"

"ನೀನ ಬರದದ್ದಪ್ಪಾ."

"ನಾ ಬರದದ್ದಲ್ಲ ಇದು."

ದಾಕ್ಷಾಯಿಣಿಗೆ ಸುಳ್ಳು ಹೇಳಲಾಗಲಿಲ್ಲ. ಮಾಡಿದ್ದನ್ನು ಹಿಂದಕ್ಕೆ ಸರಿಸಿದಳು. ನಡುಗುವ ಒತ್ತು ಮತ್ತೆ ಬಂತು. "ನಿನ್ನ ಕೈ ನಡುಗಿದ್ದು ಮಂದಿಗೆ ಕಾಣಬಾರದಂತ ತಿದ್ದಿದ್ದೆ" ಎಂದಳು.

ಚನ್ನಯ್ಯ ಪರದೆಯ ಹತ್ತಿರಕ್ಕೆ ಬಾಗಿದ. ಒಂದು ಸೊಟ್ಟ ಗೆರೆಗೆ ಇಡೀ ಬೋರ್ಡಿಗೆ ಮತ್ತೆ ಬಿಳಿ ಬಳಿಯುತ್ತಿದ್ದ ಮನುಷ್ಯ. "ಎಲ್ಲೆಲ್ಲಿ ಬರತೈತಿ ಇದು?" ಎಂದು ಕೇಳಿದ.

"ಎಲ್ಲಾ ಕಡೆ ಬರತೈತಪ್ಪಾ. ಅನ್ನ ಅಂದ್ರೂ ಬರತೈತಿ, ನನ್ನ ಅಂದ್ರೂ ಬರತೈತಿ, ನಿನ್ನ ಅಂದ್ರೂ ಬರತೈತಿ. ಇದಿಲ್ದ ಒಂದ ಕಾಗದ ಆಗಂಗಿಲ್ಲ."

"ಇರ್ಲಿ ಬಿಡು ಹಂಗಾದ್ರ" ಎಂದ ಚನ್ನಯ್ಯ. "ಉಳದುವು ನನ್ನ ಪ್ರಾಯದಾಗ ಬರದುವು. ಇದೊಂದ ನೋಡು, ಈಗಿನ ನಾನು ಬರದದ್ದು. ನಂದೂ ಒಂದ ಇರ್ಲಿ."

ದಾಕ್ಷಾಯಿಣಿ ಅದನ್ನು ಹಾಗೆಯೇ ಉಳಿಸಿದಳು. ಆ ವರ್ಷದಿಂದ ಶಿರಸಿಯ ಸುತ್ತಮುತ್ತ ಅವಳು ಮಾಡಿಕೊಟ್ಟ ಮದುವೆ ಕಾಗದಗಳೆಲ್ಲ ಆ ಅಕ್ಷರದಲ್ಲೇ ಅಚ್ಚಾದವು. ಮದುಮಕ್ಕಳ ಹೆಸರುಗಳು ಅಲ್ಲಿ ದುಂಡಗೆ, ಸೊಕ್ಕಿನಿಂದ ನಿಂತಿರುತ್ತವೆ. ಕೆಳಗೆ "ನಿಮ್ಮನ್ನು ಪ್ರೀತಿಯಿಂದ ಕರೆಯುತ್ತೇವೆ" ಎಂದು ಬರೆದ ಕಡೆ ಮಾತ್ರ ಚನ್ನಯ್ಯನ ಕೈ ಸಣ್ಣಗೆ ನಡುಗುತ್ತದೆ.